ಅಳಲೆಕಾಯಿಯ ಪಾರಸೀಕ ಯಾತ್ರೆ

ರಾಜ್ಯೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಮಲಬದ್ಧತೆಗೆ ಪಾರಸೀಕ ವೈದ್ಯರು ಕೊಡುತ್ತಿದ್ದ ಗಿಡಮೂಲಿಕೆಗಳ ಚರಿತ್ರೆಯನ್ನು ಬರೆಯುತ್ತೇವೆಂದು ನಾವು ಹೇಳಿದೆವು. ಅವರು ಕ್ಷಣಕಾಲ ನಮ್ಮ ಮುಖವನ್ನೇ ನೋಡಿದರು. ಹಂಪೆಯ ವೈಭವವನ್ನೋ ಪುಲಕೇಶಿಯ ಪರಾಕ್ರಮವನ್ನೋ ಬರೆದಿದ್ದರೆ ಸಂದರ್ಭಕ್ಕೆ ಒಪ್ಪುತ್ತಿತ್ತಲ್ಲವೆ ಎಂಬುದು ಅವರ ಸಂಕೋಚದ ಪ್ರಶ್ನೆ. ಒಪ್ಪುತ್ತಿತ್ತು, ನಿಜ. ಆದರೆ ಹಂಪೆಯನ್ನು ಕುರಿತು ಬರೆಯಬಲ್ಲ ವಿದ್ವಾಂಸರು ಬೇಕಾದಷ್ಟು ಮಂದಿ ಇದ್ದಾರೆ. ನಾವು ವಾಣಿಜ್ಯಶಾಸ್ತ್ರ ಓದಿದವರು, ಬ್ಯಾಂಕಿನ ಗುಮಾಸ್ತರು. ನಮಗೆ ಗೊತ್ತಿರುವುದು ಜಮಾ-ಖರ್ಚು. ಅಲ್ಲದೆ ಕಾಶಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ತೊಂದರೆಯ ಮಾತು ಎತ್ತದ ಮನೆ ಯಾವುದಿದೆ? ನೀರು ಬದಲಾಯಿತು, ಜೋಳದ ರೊಟ್ಟಿ ತಪ್ಪಿತು, ಬೆಳಗಾದರೆ ಕಚೋರಿ-ಜಿಲೇಬಿ, ನವೆಂಬರಿನ ಚಳಿ ಬಿದ್ದಿತೆಂದರೆ ನೀರು ಕುಡಿಯುವುದೂ ಕಡಿಮೆ. ರಾಜ್ಯೋತ್ಸವವೂ ಹೊಟ್ಟೆಯ ಹಟವೂ ನಮ್ಮಲ್ಲಿ ಒಂದೇ ತಿಂಗಳಿಗೆ ಬರುತ್ತವೆ.

ಇಲ್ಲಿಯ ಜನ ಈ ಬಾಧೆಯನ್ನು 'ಕಬ್ಜ್' ಎನ್ನುತ್ತಾರೆ. ಬಂದ ಹೊಸದರಲ್ಲಿ ಈ ಮಾತನ್ನು ಕೇಳಿ ನಮಗೆ ನಗು ಬಂದಿತ್ತು. ಏಕೆಂದರೆ ಬ್ಯಾಂಕಿನಲ್ಲಿ ದಿನವೂ ಆಡುವ ಮಾತು ಅದು. ಸಾಲ ತೀರದ ಮನೆಯನ್ನು 'ಕಬ್ಜಾಕ್ಕೆ' ತೆಗೆದುಕೊಳ್ಳುವುದು ನಮ್ಮ ಊರಿನ ಕಚೇರಿಗಳಲ್ಲಿ ಎಲ್ಲರೂ ಬಲ್ಲ ಪ್ರಯೋಗ. ಎರಡೂ ಒಂದೇ ಅರಬ್ಬೀ ಧಾತುವಿನಿಂದ ಬಂದವು. ಹಿಡಿದುಕೊಳ್ಳುವುದು ಎಂದು ಅದರ ಅರ್ಥ. ಅದು ಪಾರಸಿಯ ಮೂಲಕ ನಮ್ಮ ನಾಡಿಗೆ ಬಂದು ಹೊಲಮನೆಗಳ ಸ್ವಾಧೀನವಾಯಿತು, ಉತ್ತರದೇಶದಲ್ಲಿ ಕರುಳಿನ ಸ್ವಾಧೀನವಾಯಿತು. ರಸೀದಿ, ಜಮಾ, ಖರ್ಚು, ಬಾಕಿ, ವಸೂಲಿ, ಜಾಮೀನು ಇವೆಲ್ಲವೂ ಅದೇ ದಾರಿಯಿಂದ ಬಂದ ಮಾತುಗಳೇ. ನಮ್ಮ ಲೆಕ್ಕದ ಪುಸ್ತಕವನ್ನು ಪಾರಸಿ ತುಂಬಿತೆಂಬುದು ಎಲ್ಲರಿಗೂ ಗೊತ್ತು. ನಮ್ಮ ಔಷಧದ ಡಬ್ಬಿಯನ್ನೂ ಅದು ತುಂಬಿತೆಂಬುದನ್ನು ನಾವು ತಿಳಿದದ್ದು ಈಚೆಗೆ, ಮಾತೃಶ್ರೀಯವರು ಊರಿನಿಂದ ಬಂದು ನಮ್ಮೊಡನೆ ನೆಲೆಸಿದ ಮೇಲೆ.

ಅವರು ವಿಜಯಪುರದ ಕಡೆಯವರು. ಬಂಗಾಲಿ ಟೋಲಾದ ನಮ್ಮ ಬಾಡಿಗೆ ಮನೆ ಅವರಿಗೆ ಹಿಡಿಸಿತು, ಗಂಗೆ ಹಿಡಿಸಿದಳು, ಕೇದಾರಘಟ್ಟದ ಗಂಟೆಯೂ ಹಿಡಿಸಿತು. ಹೊಟ್ಟೆ ಮಾತ್ರ ಒಪ್ಪಲಿಲ್ಲ. ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಎಂಬ ಸ್ಥಿತಿ. ಹರಳೆಣ್ಣೆ ಕೇಳಿದರು. ಚಿಕ್ಕಂದಿನಲ್ಲಿ ಭಾನುವಾರ ಬೆಳಗ್ಗೆ ನಮ್ಮ ಮೂಗನ್ನು ಹಿಡಿದು ಅದನ್ನು ಕುಡಿಸಿದ ಕೈ ಅದು. ತಂದು ಕೊಟ್ಟರೆ ಒಂದು ದಿನ ಅತಿಯಾಯಿತು, ಮತ್ತೆ ಐದು ದಿನ ಏನೂ ಇಲ್ಲ. ಆಗ ನಾವು ಗೋಧೂಲಿಯಾದಿಂದ ಜಂಗಮವಾಡಿಯ ಮುಂದೆ ಹಾದು ಮದನಪುರದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಔಷಧದ ಅಂಗಡಿಗೆ ಹೋಗಿ ಸಂಗತಿ ಹೇಳಿದೆವು. ಅಂಗಡಿಯ ಮುದುಕರು ಒಂದು ಡಬ್ಬಿಯನ್ನು ಮುಂದಿಟ್ಟು, 'ಇತ್ರಿಫಲ್' ಎಂದರು. ಮೇಲೆ ಉರ್ದು ಲಿಪಿಯ ಚೀಟಿ. ಮನೆಗೆ ತಂದು ಕೊಟ್ಟಾಗ ಮಾತೃಶ್ರೀಯವರು ಚೀಟಿಯನ್ನು ನೋಡಿ ಡಬ್ಬಿಯನ್ನು ದೂರ ಸರಿಸಿದರು. "ಇದು ಹಕೀಮರ ಔಷಧ. ನನಗ ಬ್ಯಾಡ. ನಮ್ಮ ತ್ರಿಫಲ ಸಿಕ್ಕರ ತಾ" ಎಂದರು.

ಆ ಡಬ್ಬಿಯಲ್ಲಿ ಇದ್ದದ್ದು ತ್ರಿಫಲವೇ. ಇದನ್ನು ಅವರಿಗೆ ತಿಳಿಸಿ ಹೇಳಲು ನಮಗೆ ಬಹಳ ದಿನ ಹಿಡಿಯಿತು. ಮೊದಲು ನಾವು ತಿಳಿಯಬೇಕಾಗಿತ್ತಲ್ಲ!

ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಈ ಮೂರೂ ಸೇರಿದರೆ ತ್ರಿಫಲವೆಂಬುದು ಕನ್ನಡಿಗರಿಗೆ ಹೇಳಬೇಕಾದುದಲ್ಲ. ಪಾರಸಿಯಲ್ಲಿ ಇವಕ್ಕೆ ಹಲೀಲಾ, ಬಲೀಲಾ, ಆಮಲಾ ಎಂದು ಹೆಸರು. ಹರೀತಕಿಯೇ ಹಲೀಲಾ, ವಿಭೀತಕಿಯೇ ಬಲೀಲಾ, ಆಮಲಕವೇ ಆಮಲಾ. ಮೂರರ ಕೂಟಕ್ಕೆ ಇತ್ರಿಫಲ್. ಅರಬ್ಬರ ನಾಲಗೆಗೆ ಶಬ್ದದ ಮೊದಲಲ್ಲೇ ಒತ್ತಕ್ಷರ ಬಂದರೆ ಒಗ್ಗದು, ಮುಂದೆ ಒಂದು 'ಇ'ಕಾರವನ್ನು ಕೂಡಿಸಿಕೊಳ್ಳುತ್ತಾರೆ. ಇದೇನೂ ದೂರದ ಮಾತಲ್ಲ. ನಮ್ಮ ಗಲ್ಲಿಯ ಹುಡುಗರು ದಿನವೂ 'ಇಸ್ಕೂಲಿ'ಗೆ ಹೋಗುತ್ತಾರೆ, ರಿಕ್ಷಾದವನು ನಮ್ಮನ್ನು 'ಇಸ್ಟೇಶನ್ನಿ'ಗೆ ಒಯ್ಯುತ್ತಾನೆ. ಸ್ಕೂಲು ಇಸ್ಕೂಲಾದಂತೆ ತ್ರಿಫಲವು ಇತ್ರಿಫಲವಾಯಿತು.

ಅದು ಹೋದದ್ದು ಯಾವಾಗ? ಗಿಡಮೂಲಿಕೆಯ ವ್ಯಾಪಾರ ಗ್ರಂಥಗಳಿಗಿಂತ ಹಳೆಯದು. ವರ್ತಕರು ಹೊತ್ತ ಮೂಟೆಗೆ ಇಸವಿ ಇಲ್ಲ. ಗ್ರಂಥಗಳ ಮಾತಾದರೆ ಹೇಳಬಹುದು. 786ರಿಂದ 809ರ ವರೆಗೆ ಬಾಗ್ದಾದಿನಲ್ಲಿ ಖಲೀಫನಾಗಿದ್ದ ಹಾರೂನ್ ಅಲ್ ರಶೀದನ ಮಂತ್ರಿ ಯಾಹ್ಯಾ ಬರ್ಮಕಿಯು ಬಲ್ಖ್ ಪ್ರಾಂತದ ಮನೆತನದವನು, ಭಾರತೀಯ ವಿದ್ಯೆಗಳಲ್ಲಿ ಆಸಕ್ತಿಯುಳ್ಳವನು. ಅವನ ಅಪ್ಪಣೆಯಂತೆ ಮಂಕ ಎಂಬ ಭಾರತೀಯ ವೈದ್ಯನು ಸುಶ್ರುತ ಸಂಹಿತೆಯನ್ನು ಅನುವಾದಿಸಿದನೆಂದೂ, ಅದನ್ನು ಆಸ್ಪತ್ರೆಯಲ್ಲಿ ಬಳಸುತ್ತಿದ್ದರೆಂದೂ ಹತ್ತನೆಯ ಶತಮಾನದ ಇಬ್ನ್ ನದೀಮನ ಗ್ರಂಥಸೂಚಿಯಲ್ಲಿದೆ. ಈಗ ಸುಶ್ರುತ ಸಂಹಿತೆಯನ್ನು ತೆರೆದು ನೋಡಿರಿ. ಕಾಶೀರಾಜನಾದ ದಿವೋದಾಸ ಧನ್ವಂತರಿಯು ಸುಶ್ರುತಾದಿ ಶಿಷ್ಯರಿಗೆ ಉಪದೇಶಿಸಿದ್ದೆಂದು ಅದು ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಎಂದ ಮೇಲೆ ನಾವು ಬಾಡಿಗೆ ಕೊಟ್ಟುಕೊಂಡು ಇರುವ ಈ ಊರಿನ ಹೆಸರನ್ನು ಹೊತ್ತ ವಿದ್ಯೆಯೇ ಬಾಗ್ದಾದಿಗೆ ಹೋಗಿತ್ತು. ಸುಮಾರು 850ರಲ್ಲಿ ಅಲೀ ಇಬ್ನ್ ರಬ್ಬನ್ ತಬರಿ ಎಂಬ ಪಾರಸೀಕ ವೈದ್ಯನು 'ಫಿರ್ದೌಸ್ ಅಲ್ ಹಿಕ್ಮಾ' ಎಂಬ ದೊಡ್ಡ ಗ್ರಂಥವನ್ನು ಮುಗಿಸಿದನು. ಅದರ ಕೊನೆಯ ಭಾಗವೆಲ್ಲ ಹಿಂದೂ ವೈದ್ಯಕ್ಕೆ ಮೀಸಲು. ಚರಕ, ಸುಶ್ರುತ, ನಿದಾನ, ಅಷ್ಟಾಂಗಹೃದಯ ಇವುಗಳ ಹೆಸರು ಅಲ್ಲಿ ಬರುತ್ತವೆ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೆರಾತಿನ ಅಬೂ ಮನ್ಸೂರ್ ಮುವಫ್ಫಕನು ಪಾರಸಿ ಭಾಷೆಯಲ್ಲೇ ಔಷಧಿಗಳ ಒಂದು ನಿಘಂಟನ್ನು ಬರೆದನು. ಆ ಗ್ರಂಥದ ಪ್ರತಿಯೊಂದನ್ನು ಅಸದೀ ತೂಸಿ ಎಂಬ ಕವಿ 1055-56ರಲ್ಲಿ ತನ್ನ ಕೈಯಾರೆ ಬರೆದಿಟ್ಟದ್ದು ಇಂದಿಗೂ ವಿಯೆನ್ನಾ ನಗರದಲ್ಲಿದೆ. ಅಷ್ಟು ಹಳೆಯ ಪಾರಸಿ ಹಸ್ತಪ್ರತಿ, ಕಾಲ ನಮೂದಾಗಿರುವುದು, ಬೇರೊಂದಿಲ್ಲವೆನ್ನುತ್ತಾರೆ.

ಹೋದ ತ್ರಿಫಲ ಹಾಗೆಯೇ ಉಳಿಯಲಿಲ್ಲ. ಅಳಲೆ ಹೊಟ್ಟೆಯನ್ನು ಸಡಿಲಿಸುತ್ತದೆ ಸರಿ, ಆದರೆ ಒಗರು ವಸ್ತು, ಕರುಳನ್ನು ಒಣಗಿಸುತ್ತದೆ ಎಂದು ಪಾರಸೀಕ ವೈದ್ಯರು ಎಣಿಸಿದರು. ಅದಕ್ಕಾಗಿ ಪುಡಿಯನ್ನು ಬಾದಾಮಿ ಎಣ್ಣೆಯಲ್ಲಿ ತಿಕ್ಕಿ, ಮೂರು ಪಾಲು ಜೇನಿನಲ್ಲಿ ಲೇಹ್ಯ ಮಾಡಿದರು. ಅದಕ್ಕೆ ಕೊತ್ತಂಬರಿ ಸೇರಿದರೆ ಒಂದು ಇತ್ರಿಫಲ್, ಸೋನಾಮುಖಿ ಸೇರಿದರೆ ಇನ್ನೊಂದು, ಹೀಗೆ ಒಂದು ಸಂಸಾರವೇ ಬೆಳೆಯಿತು. ಅಳಲೆಯಲ್ಲೇ ಅವರು ಬಲಿಯದ ಕರಿಯದು, ಹಳದಿಯದು, ಪೂರ್ತಿ ಬಲಿತ ದೊಡ್ಡದು ಎಂದು ಬೇರೆ ಬೇರೆ ಮಾಡಿದರು. ದೊಡ್ಡದರ ಹೆಸರು 'ಹಲೀಲಾ ಕಾಬುಲಿ'. ಕಾಬೂಲಿನಲ್ಲಿ ಅಳಲೆಯ ಮರವಿಲ್ಲ. ನಮ್ಮ ಕಾಡಿನ ಕಾಯಿ ಕಾಬೂಲಿನ ಸಂತೆಯ ದಾರಿಯಿಂದ ಹೋಗಿ ಅಲ್ಲಿಯ ಹೆಸರನ್ನು ಪಡೆದು, ಕಾಬುಲಿಯಾಗಿ ನಮಗೇ ಮಾರಾಟಕ್ಕೆ ಬಂತು. ಪರದೇಶಕ್ಕೆ ಹೋಗಿ ಬಂದ ನಮ್ಮ ಹುಡುಗರಲ್ಲಿ ಕೆಲವರು ಹೀಗೆಯೇ, ಇರಲಿ.

ಪಾರಸೀಕ ವೈದ್ಯರಿಗೆ ಮಲಬದ್ಧತೆ ಸಣ್ಣ ವಿಷಯವಾಗಿರಲಿಲ್ಲ. ಆರೋಗ್ಯಕ್ಕೆ ಅವಶ್ಯವಾದವು ಆರು ಎಂದು ಅವರು ಎಣಿಸುತ್ತಿದ್ದರು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ-ಎಚ್ಚರ, ಆರನೆಯದು ಹಿಡಿಯುವುದು ಮತ್ತು ಬಿಡುವುದು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮಾ ಮತ್ತು ಖರ್ಚು. ಖರ್ಚು ನಿಂತರೆ ಕಾರಣವನ್ನು ಹುಡುಕಬೇಕು. ಕರುಳು ಒಣಗಿದೆಯೆ, ಹೊರದೂಡುವ ಶಕ್ತಿ ಕುಂದಿದೆಯೆ, ಪಿತ್ತ ಸಾಲದೆ? ಮೊದಲು ಆಹಾರದಿಂದ ಸರಿಪಡಿಸಬೇಕು: ಅಂಜೂರ, ಒಣದ್ರಾಕ್ಷಿ, ಆಲೂಬುಖಾರ, ಬಾದಾಮಿ ಎಣ್ಣೆ. ಅದಕ್ಕೆ ಬಗ್ಗದಿದ್ದರೆ 'ಮುಲಯ್ಯಿನ್', ಅಂದರೆ ಮೆತ್ತಗೆ ಮಾಡುವ ಮದ್ದು. ಅದಕ್ಕೂ ಬಗ್ಗದಿದ್ದರೆ 'ಮುಸ್ಹಿಲ್', ಅಂದರೆ ನಿಜವಾದ ವಿರೇಚನ. ಆದರೆ ಮುಸ್ಹಿಲ್ ಕೊಡುವ ಮುಂಚೆ ಕೆಲವು ದಿನ 'ಮುಂಝಿಜ್' ಕಷಾಯ ಕೊಟ್ಟು ದೋಷವನ್ನು ಪಕ್ವಗೊಳಿಸಬೇಕು. ಹಸಿಯದನ್ನು ಎಳೆಯಬಾರದು. ನಮ್ಮ ಆಯುರ್ವೇದದವರು ವಿರೇಚನಕ್ಕೆ ಮುಂಚೆ ಸ್ನೇಹನ-ಸ್ವೇದನ ಮಾಡಿಸುವುದನ್ನು ಬಲ್ಲ ಓದುಗರಿಗೆ ಇದು ಪರಿಚಿತವಾಗಿಯೇ ತೋರುವುದು.

ಇನ್ನು ಪ್ರತಿ ಮದ್ದಿನ ಜೊತೆಗೂ ಅದರ ದೋಷವನ್ನು ತಿದ್ದುವ ಇನ್ನೊಂದನ್ನು ಹೇಳುತ್ತಿದ್ದರು. ಇದಕ್ಕೆ 'ಮುಸ್ಲಿಹ್' ಎಂದು ಹೆಸರು. ಸಾಲಕ್ಕೊಬ್ಬ ಜಾಮೀನುದಾರನಿದ್ದಂತೆ. ಸೋನಾಮುಖಿ ಹೊಟ್ಟೆಯನ್ನು ನುಲಿಯುತ್ತದೆ, ಆದ್ದರಿಂದ ಗುಲಾಬಿ ದಳವೂ ಬಾದಾಮಿ ಎಣ್ಣೆಯೂ ಅದಕ್ಕೆ ಜಾಮೀನು.

ಇಷ್ಟೆಲ್ಲ ಎಚ್ಚರ ಹೇಳಿದವರ ಪೈಕಿ ಅತ್ಯಂತ ದೊಡ್ಡವನು ಬೂ ಅಲೀ ಸೀನಾ. 980ರಲ್ಲಿ ಬುಖಾರಾದ ಹತ್ತಿರ ಹುಟ್ಟಿದವನು. ಅವನ 'ಕಾನೂನ್' ಗ್ರಂಥವನ್ನು ಯುರೋಪಿನ ವಿದ್ಯಾಲಯಗಳಲ್ಲಿಯೂ ಶತಮಾನಗಳ ಕಾಲ ಓದುತ್ತಿದ್ದರು. ಕರುಳು ಕಟ್ಟಿ ನೋಯುವ 'ಕೂಲಂಜ್' ಎಂಬ ರೋಗದ ಮೇಲೆ ಅವನು ಬೇರೆಯೇ ಒಂದು ಪುಸ್ತಕವನ್ನು ಬರೆದಿದ್ದಾನೆ. ಅದೇ ರೋಗ ಅವನನ್ನು ಹಿಡಿಯಿತು. ರಾಜನ ದಂಡಿನ ಜೊತೆಯಲ್ಲಿದ್ದನು, ಹಿಂದೆ ಉಳಿಯಲು ಮನಸ್ಸಿರಲಿಲ್ಲ, ಬೇಗ ಗುಣವಾಗಬೇಕೆಂದು ಒಂದೇ ದಿನದಲ್ಲಿ ಎಂಟು ಸಲ ಬಸ್ತಿ ಹಾಕಿಕೊಂಡನೆಂದೂ, ಕರುಳು ಹುಣ್ಣಾಯಿತೆಂದೂ ಅವನ ಶಿಷ್ಯ ಜೂಝ್ಜಾನಿ ಬರೆದಿಟ್ಟಿದ್ದಾನೆ. ಆಮೇಲೆ ಪೂರ್ತಿ ಚೇತರಿಸಿಕೊಳ್ಳದೆ 1037ರಲ್ಲಿ ಹಮದಾನ್ ನಗರದಲ್ಲಿ ತೀರಿಕೊಂಡನು. ಲೋಕಕ್ಕೆಲ್ಲ ನಿಧಾನವನ್ನು ಕಲಿಸಿದವನು ತನ್ನ ಹೊಟ್ಟೆಯ ವಿಷಯದಲ್ಲಿ ಆತುರಪಟ್ಟನು. ಈ ಸಂಗತಿಯನ್ನು ಓದಿದ ದಿನ ನಮಗೆ ನಮ್ಮ ಮನೆಯ ವಿಚಾರವೇ ನೆನಪಾಗಿ ಮನಸ್ಸು ಸ್ವಲ್ಪ ಕೆಟ್ಟಿತು. ಅದನ್ನು ಮುಂದೆ ಹೇಳುತ್ತೇವೆ.

'ಜುಲಾಬು' ಎಂಬ ನಮ್ಮ ಮಾತಿನ ಚರಿತ್ರೆಯನ್ನು ಇಲ್ಲಿ ಹೇಳದೆ ಬಿಡಲಾರೆವು. ಗುಲ್ ಎಂದರೆ ಗುಲಾಬಿ, ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ಅದನ್ನು ಅರಬ್ಬರು ಜುಲಾಬ್ ಎಂದರು, ಸಕ್ಕರೆ ಬೆರಸಿದ ಪಾನಕಕ್ಕೆ ಆ ಹೆಸರು ನಿಂತಿತು. ಕಹಿ ಮದ್ದನ್ನು ಆ ಪಾನಕದೊಡನೆ ಕೊಡುತ್ತಿದ್ದರು. ಭಾರತಕ್ಕೆ ಬರುವ ಹೊತ್ತಿಗೆ ಪಾನಕ ಮರೆತುಹೋಗಿ ಮದ್ದಿನ ಕೆಲಸವೇ ಹೆಸರಿಗೆ ಅಂಟಿಕೊಂಡಿತು. ಪನ್ನೀರು ಎಂಬ ಮಂಗಳದ ವಸ್ತುವೂ ಜುಲಾಬು ಎಂಬ ಅಂಜಿಕೆಯ ವಸ್ತುವೂ ಒಡಹುಟ್ಟಿದವೆಂದರೆ ನಂಬುವವರು ಯಾರು? ಗುಲ್ಕಂದವನ್ನಾದರೋ ಎಲ್ಲರೂ ನಂಬುತ್ತಾರೆ. ಇಲ್ಲಿಯ ಬೀಡಾದ ಅಂಗಡಿಯಲ್ಲಿ ಊಟವಾದ ಮೇಲೆ ನಾವು ಸವಿಯುವ ಗುಲ್ಕಂದ ಮೂಲತಃ ಹೊಟ್ಟೆಯನ್ನು ಮೆತ್ತಗಾಗಿಸುವ ಪಾರಸೀಕ ಮದ್ದು. ಗುಲಾಬಿಯ ದಳವನ್ನೂ ಸಕ್ಕರೆಯನ್ನೂ ಬಿಸಿಲಿನಲ್ಲಿಟ್ಟು ಮಾಡುವುದು. ಗುಲ್ ಅವರದು, ಕಂದ್ ಯಾರದು? ಸಂಸ್ಕೃತದ ಖಂಡ, ಖಂಡಸಕ್ಕರೆಯ ಖಂಡ. ಡಬ್ಬಿಯ ಅರ್ಧ ಹೆಸರು ನಮ್ಮದು.

ಇಸಬಗೋಲನ್ನು ಈಗ ಅಮೆರಿಕದವರೂ ನೀರಿನಲ್ಲಿ ಕಲಸಿ ಕುಡಿಯುತ್ತಾರೆ. ಬೆಳೆಯುವುದು ಹೆಚ್ಚಾಗಿ ನಮ್ಮ ಗುಜರಾತ, ರಾಜಸ್ಥಾನಗಳಲ್ಲಿ. ಹೆಸರು ಮಾತ್ರ ಶುದ್ಧ ಪಾರಸಿ: ಅಸ್ಪ್ ಎಂದರೆ ಕುದುರೆ, ಗೋಲ್ ಎಂದರೆ ಕಿವಿ. ಬೀಜ ಕುದುರೆಯ ಕಿವಿಯಂತಿದೆಯೆಂದು ಈ ಹೆಸರು. ಈ ಅಸ್ಪ್ ನಮ್ಮ ಅಶ್ವದ ದಾಯಾದಿ. ಹಳೆಯ ಹಕೀಮರು ಹೊಟ್ಟನ್ನು ಬೇರ್ಪಡಿಸುತ್ತಿರಲಿಲ್ಲ, ಬೀಜವನ್ನೇ ನೆನೆಯಿಟ್ಟು ಅದರ ಲೋಳೆಯನ್ನು ಕೊಡುತ್ತಿದ್ದರು. ಕುಟ್ಟಿ ಪುಡಿಮಾಡಬಾರದೆಂದು ಕಟ್ಟಪ್ಪಣೆ. ಹುರಿದು ಕೊಟ್ಟರೆ ಬೇಧಿ ನಿಲ್ಲುತ್ತದೆ, ನೆನೆಸಿ ಕೊಟ್ಟರೆ ಕಟ್ಟಿದ್ದು ಬಿಡುತ್ತದೆ ಎಂದು ಒಂದೇ ಬೀಜದಿಂದ ಎರಡು ಕೆಲಸ ತೆಗೆಯುತ್ತಿದ್ದರು. ಹೊಟ್ಟು ನೀರನ್ನು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ. ನೀರು ಸಾಲದೆ ನುಂಗಿದರೆ ಅದೇ ಗಂಟಲಿನಲ್ಲೋ ಕರುಳಿನಲ್ಲೋ ಗಂಟಾಗಬಹುದು. ಚಳಿಗಾಲದಲ್ಲಿ ಅರ್ಧ ಲೋಟ ನೀರಿಗೆ ಎರಡು ಚಮಚ ಹಾಕಿ ಗುಟುಕರಿಸುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.

ಸೋನಾಮುಖಿ, ಅಂದರೆ ನೆಲಾವರಿಕೆ, ಪಾರಸಿಯಲ್ಲಿ 'ಸನಾ ಮಕ್ಕಿ', ಮಕ್ಕಾದ ಸನಾ. ಅರಬಸ್ಥಾನದ ಗಿಡ. ಈಗ ತಮಿಳುನಾಡಿನ ತಿರುನಲ್ವೇಲಿಯ ಹೆಸರಿನಿಂದ ಲೋಕಕ್ಕೆಲ್ಲ ಹೋಗುತ್ತದೆ. ಅದರ ಸತ್ತ್ವ ಹೊಟ್ಟೆಯಲ್ಲಿ ಏನೂ ಮಾಡದೆ ದೊಡ್ಡ ಕರುಳಿನವರೆಗೆ ಹೋಗಿ, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಮಾರ್ಪಟ್ಟು, ಆಮೇಲೆ ಕರುಳನ್ನು ಕೆರಳಿಸುತ್ತದೆ. ರಾತ್ರಿ ತೆಗೆದುಕೊಂಡದ್ದು ಬೆಳಗ್ಗೆ ಕೆಲಸ ಮಾಡುವುದು ಈ ಕಾರಣದಿಂದ. 2023ರಲ್ಲಿ ಅಮೆರಿಕದ ಜೀರ್ಣಾಂಗ ವೈದ್ಯರ ಎರಡು ಸಂಘಗಳು ಕೂಡಿ ದೀರ್ಘಕಾಲದ ಮಲಬದ್ಧತೆಗೆ ಮಾಡಿದ ಮಾರ್ಗಸೂಚಿಯಲ್ಲಿ ಇಸಬಗೋಲಿಗೂ ಸೋನಾಮುಖಿಗೂ ಸ್ಥಾನ ಕೊಟ್ಟಿವೆ, ಎರಡಕ್ಕೂ ಷರತ್ತಿನ ಮೇಲೆ.

ನಮ್ಮ ಕಾಡಿನ ಕಕ್ಕೆಯೂ ಪಾರಸೀಕರ ಪಟ್ಟಿಯಲ್ಲಿ ಇದೆ. ಬೇಸಗೆಯಲ್ಲಿ ಹೊನ್ನಿನಂಥ ಹೂ ಬಿಡುವ ಮರ, ಮೊಳದುದ್ದದ ಕೋಡು. ಅದನ್ನು ಖಿಯಾರ್ ಚಂಬರ್ ಎನ್ನುತ್ತಾರೆ, ಖಿಯಾರ್ ಎಂದರೆ ಸೌತೆ. ಒಳಗೆ ಬಿಲ್ಲೆ ಬಿಲ್ಲೆಯಾಗಿ ಜೋಡಿಸಿದ ತಿರುಳಿಗೆ 'ಫುಲೂಸ್' ಎಂದು ಹೆಸರು, ಅಂದರೆ ದುಡ್ಡುಗಳು. ಕೋಡಿನೊಳಗೆ ದುಡ್ಡನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟ ಖಜಾಂಚಿಯನ್ನು ನಾವು ಬೇರೆಲ್ಲೂ ನೋಡಿಲ್ಲ. ಮೃದು ವಿರೇಚನಗಳಲ್ಲಿ ಇದೇ ಶ್ರೇಷ್ಠವೆಂದು ಚರಕನ ಮತ, ಮಕ್ಕಳಿಗೂ ಬಸುರಿಯರಿಗೂ ಇದನ್ನೇ ಹಕೀಮರೂ ಮೆಚ್ಚುತ್ತಿದ್ದರು. ಇಂದಿನ ವೈದ್ಯರನ್ನು ಕೇಳದೆ ಬಸುರಿಯರು ಯಾವುದನ್ನೂ ಮುಟ್ಟಬಾರದು, ಅದು ಬೇರೆ. ಸುಖವಿರೇಚನಕ್ಕೆ ಚರಕನು ಹೇಳಿದ ತ್ರಿವೃತ್, ನಮ್ಮ ತಿಗಡೆ, ಅವರಲ್ಲಿ ತುರ್ಬುದ್ ಆಯಿತು. ಅದರಿಂದಲೇ ಗಿಡದ ವೈಜ್ಞಾನಿಕ ಹೆಸರಿನಲ್ಲಿ 'ತುರ್ಪೇಥಮ್' ಎಂಬ ಮಾತು ಬಂದು ಕೂತಿದೆ.

ಈ ವಿದ್ಯೆ ಕನ್ನಡ ನೆಲಕ್ಕೆ ಬಂದದ್ದು ಬಹಮನಿಗಳ ಕಾಲದಲ್ಲಿ. 1436ರಿಂದ 1458ರ ವರೆಗೆ ಆಳಿದ ಎರಡನೆಯ ಅಲ್ಲಾವುದ್ದೀನ್ ಅಹಮದ್ ಶಾಹನು ಬೀದರಿನಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿ, ಔಷಧ ಮತ್ತು ಅನ್ನಕ್ಕಾಗಿ ಗ್ರಾಮಗಳನ್ನು ಉಂಬಳಿ ಬಿಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ಒಟ್ಟಿಗೆ ನೇಮಿಸಿದನು. ಒಂದೇ ಸೂರಿನಡಿ ಒಬ್ಬರು ಅಳಲೆಯೆಂದದ್ದನ್ನು ಇನ್ನೊಬ್ಬರು ಹಲೀಲಾ ಎಂದಿರಬೇಕು. ಈ ಆಸ್ಪತ್ರೆಯ ಸಂಗತಿಯನ್ನು ನಮಗೆ ತಿಳಿಸುವವನು ಇತಿಹಾಸಕಾರ ಫಿರಿಸ್ತಾ. ಮುಹಮ್ಮದ್ ಕಾಸಿಮ್ ಅವನ ಹೆಸರು. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ, ಅಹಮದನಗರದಲ್ಲಿ ಬೆಳೆದು, 1589ರಲ್ಲಿ ವಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ನೆಲೆಸಿದವನು. ಅವನ ಇತಿಹಾಸಗ್ರಂಥವನ್ನು ಕುರಿತು ಶಾಲೆಯ ಹುಡುಗರೂ ಬಲ್ಲರು. ಅವನು 'ದಸ್ತೂರ್ ಅಲ್ ಅತಿಬ್ಬಾ' ಎಂಬ ವೈದ್ಯಗ್ರಂಥವನ್ನೂ ಬರೆದನೆಂಬುದನ್ನು ಬಲ್ಲವರು ಕಡಿಮೆ. ಪಾರಸಿ ಓದುವವರಿಗೆ ಭಾರತೀಯ ವೈದ್ಯವನ್ನು ತಿಳಿಸಿಕೊಡುವ ಪುಸ್ತಕವದು. ಇರಾಣದಲ್ಲಿ ಹುಟ್ಟಿದವನು ನಮ್ಮ ತಾಯಿಯ ಊರಿನ ಕಡೆ ಕೂತು ನಮ್ಮ ವೈದ್ಯವನ್ನು ಬರೆಯುತ್ತಿದ್ದನು! ಅವನಿಗಿಂತ ಮೊದಲೇ, 1512ರಲ್ಲಿ, ಸಿಕಂದರ ಲೋದಿಯ ಮಂತ್ರಿ ಮಿಯಾನ್ ಭುವಾ ಇದೇ ಬಗೆಯ ಕೆಲಸ ಮಾಡಿದ್ದನು. ಯವನ ವೈದ್ಯ ಈ ದೇಶದ ಹವೆಗೂ ಮೈಗೂ ಪೂರ್ತಿ ಒಗ್ಗುವುದಿಲ್ಲವೆಂಬುದು ಅವನು ಕೊಟ್ಟ ಕಾರಣ. ನೀರು ಬದಲಾದರೆ ಮದ್ದೂ ಬದಲಾಗಬೇಕೆಂದು ನಮ್ಮ ಮಾತೃಶ್ರೀಯವರೂ ಹೇಳುತ್ತಾರೆ.

ಶ್ರೀರಂಗಪಟ್ಟಣದ ಟೀಪೂ ಸುಲ್ತಾನನ ಗ್ರಂಥಭಂಡಾರದಲ್ಲಿ ಪಾರಸಿ ವೈದ್ಯಗ್ರಂಥಗಳ ಒಂದು ವಿಭಾಗವೇ ಇತ್ತು. 1799ರಲ್ಲಿ ಅದು ಕುಂಪಣಿಯವರ ಕೈಸೇರಿ, 1809ರಲ್ಲಿ ಚಾರ್ಲ್ಸ್ ಸ್ಟೂವರ್ಟನು ಅದರ ಪಟ್ಟಿಯನ್ನು ಅಚ್ಚುಹಾಕಿಸಿದನು. ಪುಸ್ತಕಗಳು ಹೋದವು, ಗಂಜಾಮಿನ ಅಂಜೂರ ಹೆಸರಾಗಿಯೇ ಉಳಿಯಿತು. 'ಅಂಜೂರ' ಎಂಬ ಮಾತೂ ಪಾರಸಿಯ ಅಂಜೀರ್. ಮೈಸೂರಿನಲ್ಲಿ 1908ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಶಾಲೆಯಲ್ಲಿ ಮುಂದೆ ಯೂನಾನಿಯನ್ನೂ ಕಲಿಸಿದರು. 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಯೂನಾನಿ ವೈದ್ಯ ಸಂಸ್ಥೆ ಇರುವುದು ದೆಹಲಿಯಲ್ಲಲ್ಲ, ಬೆಂಗಳೂರಿನಲ್ಲಿ. ತೆಹರಾನಿನ ವೈದ್ಯವಿಶ್ವವಿದ್ಯಾಲಯದಲ್ಲಿಯೂ 2007ರಲ್ಲಿ ಸಾಂಪ್ರದಾಯಿಕ ವೈದ್ಯದ ಶಾಲೆಯೊಂದು ತೆರೆಯಿತು. ಅಲ್ಲಿಯವರು ಮಲಬದ್ಧತೆಯ ಮದ್ದುಗಳನ್ನು ಹುಡುಕುವಾಗ ಮತ್ತೆ ಮತ್ತೆ ತೆರೆಯುವ ಪುಸ್ತಕ ಅಕೀಲಿ ಖುರಾಸಾನಿಯ 'ಮಖ್ಝನ್ ಅಲ್ ಅದ್ವಿಯಾ', ಅಂದರೆ ಔಷಧಗಳ ಖಜಾನೆ. ಅದು ಹದಿನೆಂಟನೆಯ ಶತಮಾನದಲ್ಲಿ ಭಾರತದಲ್ಲಿ ಬರೆದದ್ದು.

ಕಾಶಿಗೂ ಪಾರಸಿ ಹೊಸದಲ್ಲ. ಇಸ್ಫಹಾನಿನಲ್ಲಿ 1692ರಲ್ಲಿ ಹುಟ್ಟಿದ ಕವಿ ಶೇಖ್ ಅಲೀ ಹಝೀನನು ಇಲ್ಲಿಯೇ ನೆಲೆಸಿ 1766ರಲ್ಲಿ ಇಲ್ಲಿಯೇ ಮಣ್ಣಾದನು, ಫಾತಮಾನಿನಲ್ಲಿ ಅವನ ಗೋರಿ ಇದೆ. ಕಲಬುರ್ಗಿ, ಬೀದರ, ವಿಜಯಪುರದ ಭಕ್ತರು ಬಂದಿಳಿಯುವ ನಮ್ಮ ಜಂಗಮವಾಡಿ ಮಠದಲ್ಲಿ ಅಕ್ಬರನೇ ಮೊದಲಾದ ಮೊಗಲ ಬಾದಶಾಹರು ಭೂದಾನ ಮಾಡಿ ಕೊಟ್ಟ ಪಾರಸಿ ಫರ್ಮಾನುಗಳಿವೆ. ಕನ್ನಡ ಮಾತನಾಡುವ ಅಂಗಳ, ಪಾರಸಿಯ ದಸ್ತಾವೇಜು.

ಈಗ ನಮ್ಮ ಮನೆಯ ವಿಚಾರ. ಡಬ್ಬಿಯನ್ನು ಒಲ್ಲೆನೆಂದ ಮಾತೃಶ್ರೀಯವರಿಗೆ ನಾವು ಬೇರೊಂದು ಅಂಗಡಿಯಿಂದ ಸೋನಾಮುಖಿಯ ಪುಡಿಯನ್ನು ತಂದೆವು. ಸೋನಾಮುಖಿಯೆಂದರೆ ನಮ್ಮದೇ ಎಂದು ಅವರೂ ಒಪ್ಪಿದರು. ಮಕ್ಕಾದ ಸಂಗತಿ ಆಗ ಇಬ್ಬರಿಗೂ ಗೊತ್ತಿರಲಿಲ್ಲ. ದಿನಕ್ಕೊಂದು ಚಮಚ, ಸಾಲದಿದ್ದರೆ ಎರಡು. ಆರು ವಾರ ಹೀಗೆಯೇ ನಡೆಯಿತು. ಹೊಟ್ಟೆ ನುಲಿಯುತ್ತಿತ್ತು, ಕಾಲಿನ ಸ್ನಾಯು ಸೆಳೆಯುತ್ತಿತ್ತು, ಅವರು ಹಗಲೂ ಮಲಗಿಕೊಳ್ಳತೊಡಗಿದರು. ಅಕ್ಟೋಬರಿನಲ್ಲಿಯೇ ಕಂಬಳಿ ಕೇಳಿದರು. ಕಾಶಿಯ ಹವೆ ಒಗ್ಗಲಿಲ್ಲ, ಗೋಧಿ ಒಗ್ಗಲಿಲ್ಲ ಎಂದು ನಾವು ಬಂದವರಿಗೆಲ್ಲ ಹೇಳುತ್ತಿದ್ದೆವು. ಊರನ್ನು ಬಿಟ್ಟು ಕರೆತಂದದ್ದೇ ತಪ್ಪಾಯಿತೇನೋ ಎಂದು ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಕೊನೆಗೆ ಆ ಮೊದಲಿನ ಅಂಗಡಿಯ ಮುದುಕರೇ, ನಾವು ಮತ್ತೆ ಹೋದಾಗ, ಪುಡಿಯನ್ನು ಕಟ್ಟಿಕೊಡದೆ ಕೇಳಿದರು: ಎಷ್ಟು ದಿನದಿಂದ, ಎಷ್ಟು ವಯಸ್ಸು, ಚಳಿ ಎನ್ನುತ್ತಾರೆಯೆ? ನಾವು ಹೇಳಿದ್ದನ್ನು ಕೇಳಿ, ಇದು ಮದ್ದು ಮಾರುವ ಸಂಗತಿಯಲ್ಲ, ಡಾಕ್ಟರ ಬಳಿಗೆ ಕರೆದೊಯ್ಯಿರಿ ಎಂದರು.

ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಗ್ರಂಥಿ ಮಂದವಾಗಿತ್ತು. ದಣಿವು, ಚಳಿ, ಮಲಬದ್ಧತೆ ಮೂರೂ ಒಂದೇ ಗಿಡದ ಕಾಯಿಗಳು. ಅತಿಯಾದ ವಿರೇಚನದಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು, ಕಾಲು ಸೆಳೆತಕ್ಕೆ ಅದು ಕಾರಣ. ಡಾಕ್ಟರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ವಯಸ್ಸಾದವರಲ್ಲಿ ಅಭ್ಯಾಸ ಹಠಾತ್ತಾಗಿ ಬದಲಾದರೆ, ಮಲದಲ್ಲಿ ರಕ್ತ ಕಂಡರೆ, ಮೈತೂಕ ಇಳಿದರೆ ಮೊದಲು ಪರೀಕ್ಷೆ, ಆಮೇಲೆ ಪುಡಿ ಎಂದಷ್ಟೇ ಹೇಳಿದರು. ಕಬ್ಬಿಣದ ಗುಳಿಗೆಯಂಥವೂ ಹೊಟ್ಟೆಯನ್ನು ಕಟ್ಟುತ್ತವೆಂದು, ಏನೇನು ನುಂಗುತ್ತಿದ್ದಾರೆಂದು ಎಲ್ಲವನ್ನೂ ಬರೆಸಿಕೊಂಡರು. ಬೆಳಗಿನ ಥೈರಾಯ್ಡಿನ ಗುಳಿಗೆ ಬರಿಹೊಟ್ಟೆಯಲ್ಲಿ ಆಗಬೇಕು. ಇಸಬಗೋಲು ಬೇಕಾದರೆ ಅದರಿಂದ ನಾಲ್ಕು ತಾಸು ದೂರ, ಇಲ್ಲವಾದರೆ ಅದು ಗುಳಿಗೆಯನ್ನೇ ಹೀರಿಕೊಳ್ಳುತ್ತದೆ. ಎರಡು-ಮೂರು ತಿಂಗಳಲ್ಲಿ ಮಾತೃಶ್ರೀಯವರು ಮತ್ತೆ ಘಟ್ಟದ ಮೆಟ್ಟಿಲು ಇಳಿದು ಹತ್ತುವಂತಾದರು. ಜೋಳದ ಹಿಟ್ಟನ್ನೂ ಹುಡುಕಿ ತಂದೆವು. ಇಲ್ಲಿ 'ಜ್ವಾರ್' ಎಂದು ಕೇಳಿದರೆ ಸಿಗುತ್ತದೆ, ನಮಗೆ ಮೊದಲೇ ಹೊಳೆಯಲಿಲ್ಲ.

ಅವರು ಚೇತರಿಸಿಕೊಂಡ ಮೇಲೆ ಒಂದು ಸಂಜೆ ನಾವು ಕೂತು ಹಲೀಲಾ, ಬಲೀಲಾ, ಆಮಲಾಗಳ ಕಥೆಯನ್ನು ಹೇಳಿದೆವು. ಕಾಶೀರಾಜನಿಂದ ಬಾಗ್ದಾದಿಗೆ, ಬಾಗ್ದಾದಿನಿಂದ ಬೀದರಿಗೆ. ಕೇಳುತ್ತ ಕೇಳುತ್ತ ಅವರು ಮೂಲೆಯಲ್ಲಿದ್ದ ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿ ಮೂಸಿ ನೋಡಿದರು. "ಅಳಲೆಕಾಯಿ ವಾಸನಿ ಅದ" ಎಂದರು. ಡಾಕ್ಟರನ್ನು ಕೇಳಿ, ಅಂಗಡಿಯ ಮುದುಕರನ್ನೂ ಕೇಳಿ, ಈಗ ಬೇಕೆನಿಸಿದ ರಾತ್ರಿ ಸ್ವಲ್ಪ ತೆಗೆದುಕೊಳ್ಳುತ್ತಾರೆ. ಕಳೆದ ಬೇಸಗೆಯಲ್ಲಿ ಊರಿಗೆ ಹೊರಟಾಗ ತಂಗಿಗೊಂದು ಬೇಕೆಂದು ಹೊಸ ಡಬ್ಬಿಯನ್ನು ತರಿಸಿದರು. ರೈಲಿನಲ್ಲಿ ಚೀಲವನ್ನು ಸರಿಪಡಿಸುವಾಗ ನಾವು ನೋಡಿದೆವು. ಉರ್ದು ಚೀಟಿಯ ಮೇಲೆ ಒಂದು ತುಂಡು ಕಾಗದವನ್ನು ಅಂಟಿಸಿ, ತಮ್ಮ ದುಂಡಗಿನ ಕನ್ನಡ ಅಕ್ಷರದಲ್ಲಿ 'ತ್ರಿಫಲ, ಕಾಶಿಯದು' ಎಂದು ಬರೆದಿದ್ದರು.